ಏಳೆಂಟು ವರ್ಷದ ಮಕ್ಕಳಿಗೆ ಟು ಬೈ ಫೋರ್: ನನ್ನ ಅನುಭವ

ಮೇಲಿನ ಬಾಚಿಹಲ್ಲು ಒಳಗೆ, ಕೆಳಗಿನದು ಹೊರಗೆ. ಏಳೆಂಟು ವರ್ಷದ ಮಗು ಇಂಥ ಕ್ರಾಸ್‌ಬೈಟ್ ಇಟ್ಟುಕೊಂಡು ಬಂದರೆ ನಾವು ದಂತವೈದ್ಯರಲ್ಲಿ ಹೆಚ್ಚಿನವರು ಒಂದೋ ತೆಗೆದು ಹಾಕುವ ಪ್ಲೇಟ್ ಕೊಡುತ್ತೇವೆ, ಇಲ್ಲ "ಎಲ್ಲಾ ಹಲ್ಲೂ ಬರಲಿ, ಆಮೇಲೆ ನೋಡೋಣ" ಅಂತ ಕಳಿಸುತ್ತೇವೆ. ನಾನು ಟು ಬೈ ಫೋರ್, ಅಂದರೆ ಮೇಲಿನ ನಾಲ್ಕು ಬಾಚಿಹಲ್ಲಿಗೆ ಬ್ರ್ಯಾಕೆಟ್ (ವೈರ್ ಹಿಡಿಯಲು ಅಂಟಿಸುವ ಪುಟ್ಟ ತುಂಡು), ಎರಡು ದವಡೆ ಹಲ್ಲಿಗೆ ಬ್ಯಾಂಡ್ (ಲೋಹದ ಉಂಗುರ) ಹಾಕಲು ಶುರು ಮಾಡಿದಾಗ ಹಿರಿಯರೊಬ್ಬರು ನಕ್ಕುಬಿಟ್ಟರು. "ಮಗು ಬಾಯೇ ತೆರೆಯಲ್ಲ, ನೀವು ಬ್ರ್ಯಾಕೆಟ್ ಅಂಟಿಸ್ತೀರಾ?" ಈಗ ಇಂಥ ಕೇಸ್ ಬಂದರೆ ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಪ್ಲೇಟ್ ಕೆಟ್ಟದ್ದು ಅಂತಲ್ಲ. ಒಂದೇ ಹಲ್ಲು, ಹೇಳಿದ ಮಾತು ಕೇಳುವ ಮಗು ಇದ್ದರೆ ಪ್ಲೇಟಿನ ಝಡ್ ಸ್ಪ್ರಿಂಗ್ (ಹಲ್ಲನ್ನು ಮುಂದೆ ತಳ್ಳುವ ವೈರ್) ಎರಡು ಮೂರು ತಿಂಗಳಲ್ಲಿ ಕೆಲಸ ಮುಗಿಸುತ್ತದೆ. ಆದರೆ ಅಂಥ ಮಕ್ಕಳು ಎಷ್ಟು ಸಿಗ್ತಾರೆ? ಊಟಕ್ಕೆ ತೆಗೆದು ಟಿಶ್ಯೂನಲ್ಲಿ ಸುತ್ತಿಟ್ಟರೆ ಅದು ಸೀದಾ ಕಸದ ಬುಟ್ಟಿಗೆ. ಅರ್ಧ ಮಾತ್ರ ಹುಟ್ಟಿದ ದವಡೆ ಹಲ್ಲಿಗೆ ಪ್ಲೇಟ್ ಹಿಡಿದಿಡುವ ಕೊಕ್ಕೆ, ಆಡಮ್ಸ್ ಕ್ಲಾಸ್ಪ್, ಹಿಡಿಯುವುದಿಲ್ಲ, ಕಚ್ಚಿದ ಕೂಡಲೇ ಪ್ಲೇಟ್ ಕೆಳಗೆ. ನೆನಪಿನ ಲೆಕ್ಕ ಹೇಳುವುದಾದರೆ ಹತ್ತು ಕೊಟ್ಟರೆ ನಾಲ್ಕೈದು ನಾನಂದುಕೊಂಡ ಹಾಗೆ ನಡೆದವು. ಕಳೆದುಹೋದ ಪ್ರತಿ ಪ್ಲೇಟಿಗೂ ಮತ್ತೆ ಅಳತೆ, ಮತ್ತೆ ಲ್ಯಾಬ್ ಬಿಲ್, ಮತ್ತೆ ಒಂದು ಅಪಾಯಿಂಟ್‌ಮೆಂಟ್. ಅದಕ್ಕೆ ಎರಡನೇ ಸಲ ದುಡ್ಡು ಕೇಳಲು ಬಾಯಿ ಬರಲ್ಲ. ಎರಡು ಪ್ಲೇಟಿನ ಲ್ಯಾಬ್ ಬಿಲ್ ಕೂಡಿಸಿ ನೋಡಿ, ಒಂದು ಟು ಬೈ ಫೋರ್‌ನ ಸಾಮಾನಿಗೆ ಅಷ್ಟು ಬೀಳುವುದಿಲ್ಲ.

ಆದರೆ ಟು ಬೈ ಫೋರ್ ಕೂಡ ಮೊದಮೊದಲು ಸತಾಯಿಸಿತು. ಹಾಕಿದ ವಾರದಲ್ಲೇ ಬ್ರ್ಯಾಕೆಟ್ ಉದುರುತ್ತಿತ್ತು. ಅರ್ಧ ಹುಟ್ಟಿದ ಹಲ್ಲು, ವಸಡಿನ ಹತ್ತಿರ ಸದಾ ತೇವ, ಕಾಂಪೋಸಿಟ್ ಅಂಟು ಅಲ್ಲಿ ನಿಲ್ಲುವುದು ಕಷ್ಟ. ತೇವ ಸಹಿಸುವ, ರೆಸಿನ್ ಬೆರೆತ ಗ್ಲಾಸ್ ಅಯೊನೊಮರ್‌ಗೆ ಬದಲಾಯಿಸಿದ ಮೇಲೆ ತಲೆನೋವು ಅರ್ಧಕ್ಕರ್ಧ ಇಳಿಯಿತು. ಇನ್ನರ್ಧಕ್ಕೆ ಕಾರಣ ಕಚ್ಚುವಿಕೆ. ಕೆಳಗಿನ ಹಲ್ಲು ಅಡ್ಡ ಇರುವಾಗ ಮೇಲಿನದು ಮುಂದೆ ಬರುವುದಾದರೂ ಹೇಗೆ? ಕೆಳಗಿನ ಎರಡೂ ಕಡೆಯ ದವಡೆ ಹಲ್ಲಿನ ಮೇಲೆ ನೀಲಿ ಬ್ಯಾಂಡ್ ಸಿಮೆಂಟ್ ಸುಮಾರು 2 ಮಿ.ಮೀ. ಏರಿಸುತ್ತೇನೆ. ನೀಲಿ ಯಾಕೆಂದರೆ ಕೊನೆಗೆ ತೆಗೆಯುವಾಗ ಹಲ್ಲು ಯಾವುದು, ಸಿಮೆಂಟ್ ಯಾವುದು ಅಂತ ಗೊತ್ತಾಗಬೇಕಲ್ಲ. ಎರಡು ಮೂರು ದಿನ ಮಗು ಅಗಿಯಲು ಆಗಲ್ಲ ಅಂತ ಗೋಳಾಡುತ್ತದೆ, ಆಮೇಲೆ ಮರೆತೇಬಿಡುತ್ತದೆ.

ನಿಜವಾದ ಕಾಟ ವೈರಿನದು. ಬಾಚಿಹಲ್ಲಿನಿಂದ ದವಡೆ ಹಲ್ಲಿನವರೆಗೆ ಅದಕ್ಕೆ ಆಸರೆಯೇ ಇಲ್ಲ, ನಡುವಿನ ಹಾಲುಹಲ್ಲಿಗೆ ಏನೂ ಅಂಟಿಸಿರಲ್ಲ. ಗಟ್ಟಿ ಏನಾದರೂ ಕಚ್ಚಿದರೆ ಸಾಕು, ಬಾಗಿ ಬ್ಯಾಂಡಿನ ಟ್ಯೂಬಿನಿಂದ ಹೊರಬಂದು ಕೆನ್ನೆಗೆ ಚುಚ್ಚುತ್ತದೆ. ರಾತ್ರಿ ಫೋನ್ ಬರುವುದು ಇದಕ್ಕೇ. ಆ ಭಾಗಕ್ಕೆ ತೆಳ್ಳನೆಯ ಸ್ಟೀಲ್ ಕೊಳವೆ ತೊಡಿಸಿದೆ, ಫೋನ್ ನಿಂತಿತು. ವೈರ್ ಮೊದಲು 0.014 ಇಂಚಿನ ನೈಟೈ (ಬಾಗಿದರೂ ಮತ್ತೆ ನೇರವಾಗುವ ನಿಕಲ್-ಟೈಟಾನಿಯಂ), ಆಮೇಲೆ 0.016, ಕೊನೆಗೆ ಅದೇ ದಪ್ಪದ ಸ್ಟೀಲ್. ಸ್ಟೀಲ್ ವೈರಿಗೆ ಟ್ಯೂಬಿನ ಮುಂದೆ ಸ್ಟಾಪ್ (ಹಿಂದೆ ಜಾರದಂತೆ ತಡೆ) ಕೊಟ್ಟು, ವೈರ್ ಬ್ರ್ಯಾಕೆಟ್‌ಗಿಂತ ಚೂರು ಮುಂದೆ ನಿಲ್ಲುವ ಹಾಗೆ ಮಾಡುತ್ತೇನೆ. ಆ ಸ್ಟಾಪ್ ಮಾಡುವ ನನ್ನ ರೀತಿ ಇಲ್ಲಿ ಬರೆಯಲ್ಲ, ಕ್ಲಿನಿಕ್‌ಗೆ ಬಂದರೆ ತೋರಿಸುತ್ತೇನೆ.

ಯಾವ ಕೇಸ್ ಮುಟ್ಟುತ್ತೇನೆ ಅನ್ನುವುದಕ್ಕೆ ನನ್ನದು ಒಂದೇ ಪರೀಕ್ಷೆ. ಕೆಳದವಡೆಯನ್ನು ಮೆಲ್ಲಗೆ ಹಿಂದಕ್ಕೆ ನಡೆಸಿದಾಗ ಮುಂದಿನ ಹಲ್ಲುಗಳು ತುದಿಗೆ ತುದಿ ಕೂಡಬೇಕು. ಕೂಡದಿದ್ದರೆ ತೊಂದರೆ ಹಲ್ಲಿನದಲ್ಲ, ಮೂಳೆಯದು. ಆಗ ಫೇಸ್‌ಮಾಸ್ಕ್, ಮೇಲ್ದವಡೆಯನ್ನು ಮುಂದೆ ಎಳೆಯುವ ಸಾಧನ, ದಿನಕ್ಕೆ 12ರಿಂದ 14 ಗಂಟೆ. ಆ ಕಥೆಯೇ ಬೇರೆ. ಇನ್ನೊಂದು, ಒಪಿಜಿ (ಇಡೀ ದವಡೆಯ ಎಕ್ಸ್-ರೇ) ನೋಡದೆ ಪಕ್ಕದ ಬಾಚಿಹಲ್ಲಿಗೆ ಕೈ ಹಾಕಬೇಡಿ. ಮೇಲೆ ಕೋರೆಹಲ್ಲು ಕಾದಿರುತ್ತದೆ. ಹಲ್ಲು ನೆಟ್ಟಗಾಗಲಿ ಅಂತ ಬೇರನ್ನು ಅದರ ದಾರಿಗೆ ತಳ್ಳಿದರೆ ಬೇರೇ ಕರಗೀತು. ಅನುಮಾನ ಬಂದರೆ ನಾನು ನಡುವಿನ ಎರಡಕ್ಕೆ ಮಾತ್ರ ಬ್ರ್ಯಾಕೆಟ್ ಹಾಕಿ ಸುಮ್ನಿರುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಈಗಷ್ಟೇ ಹುಟ್ಟುತ್ತಿರುವ ಹಲ್ಲಿಗೆ ಮರದ ಕಡ್ಡಿ ಕಚ್ಚಿಸಿದ್ದೇನೆ, ಅಮ್ಮನಿಗೆ ಹಟ ಇದ್ದ ಕಡೆ ಅದೂ ನಡೆಯಿತು. ಕೆಳಗಿನ ಬಾಚಿಹಲ್ಲಿನ ಮೇಲೆ ಕಾಂಪೋಸಿಟ್‌ನ ಇಳಿಜಾರು ಕಟ್ಟಿದ್ದು ಎರಡು ಮೂರು ವಾರದಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಜಾಸ್ತಿ ದಿನ ಬಿಡುವಂತಿಲ್ಲ, ಹಿಂದಿನ ಹಲ್ಲು ಬೆಳೆದು ಮುಂಭಾಗದ ಮೇಲಿನ ಕೆಳಗಿನ ಹಲ್ಲಿನ ನಡುವೆ ಸಂದು ಬೀಳುತ್ತದೆ. ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಕವಚ) ನೋಡಿದೆ, ಪುಟ್ಟ ಹಲ್ಲಿಗೆ ಹಿಡಿತ ಕಡಿಮೆ, ಖರ್ಚು ಜಾಸ್ತಿ, ಕಳೆಯುವ ಕಥೆ ಮತ್ತೆ ಅದೇ.

ಸಮಯದ ಲೆಕ್ಕ ಹೀಗೆ. ಮೊದಲ ದಿನ ಮುಕ್ಕಾಲು ಗಂಟೆ ಕುರ್ಚಿಯಲ್ಲಿ, ಆಮೇಲೆ ನಾಲ್ಕೈದು ಸಲ ಹತ್ತು ಹದಿನೈದು ನಿಮಿಷ. ಹಲ್ಲು ದಾಟುವುದು ಸುಮಾರು ಎರಡು ತಿಂಗಳಿಗೆ. ದಾಟಿದ ಮೇಲೆ ಮೇಲಿನ ಹಲ್ಲು ಕೆಳಗಿನದನ್ನು 2 ಮಿ.ಮೀ.ನಷ್ಟು ಮುಚ್ಚಿದರೆ ರಿಟೇನರ್ ಬೇಡ, ಕಚ್ಚುವಿಕೆಯೇ ಹಿಡಿದಿಡುತ್ತದೆ. ಕಡಿಮೆ ಇದ್ದರೆ ವೈರ್ ಇನ್ನೆರಡು ತಿಂಗಳು ಹಾಗೇ ಇರಲಿ. ಏಟು ತಿಂದು ವಸಡು ಇಳಿದ ಕೆಳಹಲ್ಲು ಇದ್ದರೆ ಅದರ ಫೋಟೊ ಮೊದಲೇ ತೆಗೆದಿಡಿ. ಎಷ್ಟೋ ಮಕ್ಕಳಲ್ಲಿ ವಸಡು ತಾನಾಗೇ ಸುಧಾರಿಸುತ್ತದೆ, ಅಪ್ಪ ಅಮ್ಮನಿಗೆ ತೋರಿಸಲು ಅದಕ್ಕಿಂತ ಬೇರೆ ಬೇಕಾ!

ಅವರು ಕೇಳುವುದು ಒಂದೇ: "ಮುಂದೆ ಮತ್ತೆ ಕ್ಲಿಪ್ ಹಾಕಬೇಕಾ?" ಬೇಕಾಗಬಹುದು ಅಂತ ಮೊದಲ ದಿನವೇ ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳುತ್ತೇನೆ. ದುಡ್ಡಿನ ಜಗಳ ಶುರುವಾಗುವುದು ಅಲ್ಲೇ. ಈಗ ಬ್ಯಾಂಡ್ ಬಿಟ್ಟು ಟ್ಯೂಬ್ ಅಂಟಿಸಿ ನೋಡುತ್ತಿದ್ದೇನೆ, ಸಮಯ ಉಳಿಯುತ್ತದೆ ನಿಜ. ಆದರೆ ಬಲಗಡೆಯವು ಯಾಕೋ ಜಾಸ್ತಿ ಬಿಡುತ್ತಿವೆ.