ಬಿದ್ರಿಯ ಕಪ್ಪು, ಬೆಳ್ಳಿ ತಂತಿ ಮತ್ತು ಪುಟ್ಟ ಕ್ಯಾಮೆರಾ

ಬೀದರಿನಲ್ಲಿ ಬಿದ್ರಿ ಸಾಮಾನು ಮಾಡುವವರಿಗೆ ಈಗ ಫೋಟೊ ಬೇಕೇ ಬೇಕು. ಗಿರಾಕಿ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಇರುತ್ತಾರೆ, ಮೊಬೈಲ್‌ನಲ್ಲಿ ನೋಡಿಯೇ ಆರ್ಡರ್ ಕೊಡುತ್ತಾರೆ. ನಮ್ಮ ಓಣಿಯ ಚಾಚಾ ಒಬ್ಬರ ಹೂದಾನಿ, ಡಬ್ಬಿ, ಕಡಗಗಳ ಫೋಟೊ ತೆಗೆದುಕೊಡುವುದು ನಾನು. ನನ್ನದು ಜೇಬಿನಲ್ಲಿ ಹಿಡಿಯುವ ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾ. ಕೆಲಸಕ್ಕೆ ಧಾರಾಳ ಸಾಕು. ಆಟೋ ಮೋಡ್‌ನಲ್ಲಿ ಮಾತ್ರ ಬಿಡಬಾರದು.

ಇಂಥ ಕ್ಯಾಮೆರಾಗಳಿಗೆ ಬಿದ್ರಿ ಸ್ವಲ್ಪ ಕಷ್ಟದ ವಸ್ತು. ಸತು, ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಾಯಿಸಿದ ನೀರಿನಲ್ಲಿ ಅದ್ದುತ್ತಾರೆ. ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನಾಯ್ಸ್, ಅಂದರೆ ಫೋಟೊದಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳು, ಮೊದಲು ಕಾಣಿಸಿಕೊಳ್ಳುವುದು ಕಪ್ಪಿನಲ್ಲೇ. ಅದರ ಮೇಲೆ ತಾರ್‌ಕಶಿಯ, ಅಂದರೆ ಬೆಳ್ಳಿ ತಂತಿ ಕೂರಿಸುವ ಕೆಲಸದ, ತಂತಿ ತೀರಾ ಸಣ್ಣದು.

ಸಾಮಾನ್ಯ ಕಾಂಪ್ಯಾಕ್ಟ್‌ನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಷ್ಟೇ. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ವಿಸ್ತೀರ್ಣದಲ್ಲಿ ಇದರ ಹತ್ತು ಪಟ್ಟಿಗಿಂತಲೂ ದೊಡ್ಡದು. ಚಿಕ್ಕ ಸೆನ್ಸರ್‌ಗೆ ಸಿಗುವ ಬೆಳಕೂ ಕಡಿಮೆ. ಬೆಳಕು ಕಡಿಮೆ ಬಿದ್ದಷ್ಟೂ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಏರುಪೇರು ಎದ್ದು ಕಾಣುತ್ತದೆ. ಅದೇ ನಾಯ್ಸ್. ಸೆನ್ಸರ್ ಕೊಟ್ಟ ಸಂಕೇತವನ್ನು ಹಿಗ್ಗಿಸುವ ಸೆಟ್ಟಿಂಗ್ ಐಎಸ್‌ಒ. ಅದನ್ನು ಏರಿಸಿದರೆ ಹೊಸ ಬೆಳಕೇನೂ ಬರುವುದಿಲ್ಲ, ಇದ್ದದ್ದೇ ದೊಡ್ಡದಾಗುತ್ತದೆ.

ನನಗೆ ನಾಯ್ಸ್‌ಗಿಂತ ಜಾಸ್ತಿ ಸಿಟ್ಟು ಅದನ್ನು ಅಳಿಸಲು ಕ್ಯಾಮೆರಾ ಒಳಗೊಳಗೇ ಮಾಡುವ ಕೆಲಸದ ಮೇಲೆ. ಐಎಸ್‌ಒ 800ರಲ್ಲಿ ತೆಗೆದ ಬಳ್ಳಿಯ ಚಿತ್ತಾರವನ್ನು ದೊಡ್ಡದು ಮಾಡಿ ನೋಡಿ. ಪಕ್ಕಪಕ್ಕದ ಎರಡು ತಂತಿ ಸೇರಿ ಒಂದೇ ಬೂದು ಗೆರೆ ಆಗಿರುತ್ತದೆ. ಎಲೆಯ ತುದಿ ಮೊಂಡಾಗಿರುತ್ತದೆ. ಕಪ್ಪಿನಲ್ಲಿ ಕೆಂಪು, ನೀಲಿ ಕಲೆಗಳು. ಅದೇ ಜಾಗವನ್ನು ಐಎಸ್‌ಒ 100ರಲ್ಲಿ ತೆಗೆದರೆ ತಂತಿಯ ಅಂಚಿನಲ್ಲಿ ಉಳಿ ಆಡಿದ ಗುರುತೂ ಕಾಣುತ್ತದೆ. ಗಿರಾಕಿ ದುಡ್ಡು ಕೊಡುವುದು ಆ ಕೈಕೆಲಸಕ್ಕೇ ಅಲ್ವಾ?

ಹಾಗಾಗಿ ಪಿ ಮೋಡ್ (ಐಎಸ್‌ಒ ನಾವೇ ಆರಿಸಬಹುದಾದ ಮೋಡ್) ಹಾಕಿ, ಐಎಸ್‌ಒ 80 ಅಥವಾ 100ಕ್ಕೆ ಕಟ್ಟಿಹಾಕಿ. ಶಟರ್ ಅರ್ಧ ಸೆಕೆಂಡ್ ತೆಗೆದುಕೊಂಡರೂ ಚಿಂತೆ ಇಲ್ಲ, ಹೂದಾನಿ ಎಲ್ಲಿಗೂ ಓಡಿಹೋಗುವುದಿಲ್ಲ. ಕ್ಯಾಮೆರಾ ಮಾತ್ರ ಅಲ್ಲಾಡಬಾರದು. ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ಮೇಲಿಡಿ, 2 ಸೆಕೆಂಡ್ ಟೈಮರ್ ಹಾಕಿ. ಫ್ಯಾನ್ ಆಫ್ ಮಾಡಿ, ಕೆಳಗೆ ಹಾಸಿದ ಬಟ್ಟೆ ಅಲುಗುತ್ತದೆ. ತೀರಾ ಹತ್ತಿರ ಹೋದರೆ ಹೂದಾನಿಯ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. ಸ್ವಲ್ಪ ಹಿಂದೆ ಸರಿದು, ಜೂಮ್ ಮಾಡಿ. ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡವೇ ಬೇಡ.

ಬೆಳಕು ಕಿಟಕಿಯದ್ದೇ ಇರಲಿ, ಬಿಸಿಲು ನೇರ ಬೀಳದಂತೆ ಬಿಳಿ ಪಂಚೆ ಕಟ್ಟಿ. ಹಳದಿ ಬಲ್ಬ್ ಬೇಡ. ಅದರಲ್ಲಿ ನೀಲಿ ಬೆಳಕು ಕಡಿಮೆ. ಬಣ್ಣ ಸರಿಮಾಡಲು ಕ್ಯಾಮೆರಾ ನೀಲಿಯನ್ನು ಎಳೆದು ಹಿಗ್ಗಿಸುತ್ತದೆ, ಅದರ ಜೊತೆ ನಾಯ್ಸೂ ಹಿಗ್ಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಫ್ರೇಮ್ ತುಂಬಾ ಕಪ್ಪೇ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಲು ನೋಡುತ್ತದೆ. ಆಗ ಬೆಳ್ಳಿ ಸುಟ್ಟಂತಾಗಿ ಬರೀ ಬಿಳಿ ಪಟ್ಟಿ ಉಳಿಯುತ್ತದೆ. ಫೋಟೊದ ಬೆಳಕು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮೈನಸ್ 0.7ರ ಹತ್ತಿರ ಇಟ್ಟು ನೋಡಿ. ಕೆಲವರು ಆಮೇಲೆ ಕಂಪ್ಯೂಟರ್‌ನಲ್ಲಿ ಕಪ್ಪನ್ನು ಎತ್ತಿ ಬೆಳಗಿಸುತ್ತಾರೆ. ಅಡಗಿದ್ದ ನಾಯ್ಸೆಲ್ಲ ಮೇಲೆ ಬರುತ್ತದೆ. ಹಾಗೆ ಬೆಳಗಿಸಿದ ಫೋಟೊ ತೋರಿಸಿದರೆ ಚಾಚಾ ಒಪ್ಪುವುದಿಲ್ಲ, ‘ಇದು ನಮ್ಮ ಕಪ್ಪಲ್ಲ ಬೇಟಾ’ ಅನ್ನುತ್ತಾರೆ.

ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಇದ್ದರೆ ಕಡಿಮೆಗೆ ಇಳಿಸಿ, ಶಾರ್ಪ್‌ನೆಸ್ ಕೂಡ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್) ಕೊಡುವ ಕ್ಯಾಮೆರಾ ಆದರೆ ಇನ್ನೂ ಒಳ್ಳೆಯದು.

ಇಷ್ಟಾದರೂ ಕಪ್ಪು ಪೂರ್ತಿ ನಯವಾಗಿಲ್ಲ ಅನಿಸಿದರೆ, ಕ್ಯಾಮೆರಾ ಕದಲಿಸದೆ ನಾಲ್ಕು ಫೋಟೊ ತೆಗೆಯಿರಿ. ಗಿಂಪ್ ಎಂಬ ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಲೇಯರ್ ಆಗಿ ಇಡಿ. ಒಪ್ಯಾಸಿಟಿ (ಲೇಯರ್ ಎಷ್ಟು ದಟ್ಟವಾಗಿ ಕಾಣಬೇಕು ಎಂಬುದು) ಕೆಳಗಿನಿಂದ ಶೇಕಡಾ 100, 50, 33, 25. ನಾಲ್ಕರ ಸರಾಸರಿ ಬಂದು, ನಾಯ್ಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ತಂತಿಯೂ ಅಳಿಯುವುದಿಲ್ಲ. ಗಿಂಪ್ ಪುಕ್ಕಟೆ ಸಿಗುತ್ತದೆ.

ಕಳಿಸುವಾಗ 1600 ಪಿಕ್ಸೆಲ್ ಅಗಲಕ್ಕೆ ಚಿಕ್ಕದು ಮಾಡಿ. ಉಳಿದ ಚೂರುಪಾರು ನಾಯ್ಸೂ ಕಾಣದಂತಾಗುತ್ತದೆ. ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಮತ್ತೊಮ್ಮೆ ಹಿಂಡಿಹಾಕುತ್ತದೆ.

ಅಂಗಡಿಯೊಳಗೆ, ಸ್ಟ್ಯಾಂಡ್ ಇಡಲು ಜಾಗವೇ ಇಲ್ಲದ ಕಡೆ, ಐಎಸ್‌ಒ 400ರವರೆಗೆ ಹೋಗಿ. ಅಲ್ಲಿ ಸುಮ್ನೆ 100ಕ್ಕೆ ಹಟ ಹಿಡಿದರೆ ಫೋಟೊ ಅಲ್ಲಾಡುತ್ತದೆ, ಅದಕ್ಕಿಂತ ಒಂದಿಷ್ಟು ನಾಯ್ಸೇ ವಾಸಿ. ಗೋಡೆಗೆ ಒರಗಿ, ಬಟನ್ ಒತ್ತಿ ಹಿಡಿದು ಸಾಲಾಗಿ ಮೂರ್ನಾಲ್ಕು ಕ್ಲಿಕ್ಕಿಸಿ. ಬೆರಳಿನ ಅದುರು ಮೊದಲನೆಯದರಲ್ಲೇ ಮುಗಿದಿರುತ್ತದೆ, ಎರಡನೆಯದೋ ಮೂರನೆಯದೋ ಚೊಕ್ಕವಾಗಿ ಸಿಗುತ್ತದೆ.