ಕುಪ್ಪಳಿಗೆ ಹೋಗುವುದಾದರೆ ಮಧ್ಯಾಹ್ನದ ಮೇಲೆ ಹೋಗಿ

ಆಗುಂಬೆ, ಶೃಂಗೇರಿ ಎಲ್ಲ ಒಂದೇ ದಿನದಲ್ಲಿ ಮುಗಿಸುವ ಪ್ಲಾನ್ ಹಾಕಿಕೊಂಡು, ನಡುವೆ ಕುಪ್ಪಳಿಯ ಕುವೆಂಪು ಕವಿಮನೆಗೆ ಅರ್ಧ ಗಂಟೆ ಕೊಟ್ಟು, ಬಾಗಿಲಲ್ಲಿ ಸೆಲ್ಫಿ ತೆಗೆದು ಕಾರು ಹತ್ತುವವರೇ ಜಾಸ್ತಿ. ಹಾಗೆ ಮಾಡಬೇಡಿ. ಊಟ ಮುಗಿಸಿ ಮೂರು ಗಂಟೆ ಹೊತ್ತಿಗೆ ತಲುಪಿ. ಮೊದಲು ಮನೆ, ಆಮೇಲೆ ಗುಡ್ಡ. ಬಸ್ಸಾದರೆ ತೀರ್ಥಹಳ್ಳಿ–ಕೊಪ್ಪ ದಾರಿಯ ಗಡಿಕಲ್ಲಿನಲ್ಲಿ ಇಳಿಯಿರಿ, ಅಲ್ಲಿಂದ ನಡೆದೇ ಹೋಗಬಹುದು.

ಚಪ್ಪಲಿ ಹೊರಗೆ, ಫೋನು ಜೇಬಿನೊಳಗೆ. ಹಳೇ ಮನೆ ಜೀರ್ಣವಾದ ಮೇಲೆ ಕುವೆಂಪು ಪ್ರತಿಷ್ಠಾನ ಮತ್ತೆ ಕಟ್ಟಿ ನಿಲ್ಲಿಸಿದ ತೊಟ್ಟಿಮನೆ ಇದು. ಅಂದಹಾಗೆ ಕುವೆಂಪು ಹುಟ್ಟಿದ್ದು ಇಲ್ಲಲ್ಲ, 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ. ಬೆಳೆದದ್ದು ಇಲ್ಲಿ.

ಎಲ್ಲರೂ ಸೀದಾ ಉಪ್ಪರಿಗೆಗೆ ಓಡುತ್ತಾರೆ, ಪ್ರಶಸ್ತಿ, ಹಸ್ತಪ್ರತಿ ನೋಡಲು. ನೀವು ಕೆಳಗೇ ಸ್ವಲ್ಪ ನಿಧಾನಿಸಿ. ಒಳಂಗಳದ ತುಳಸಿ, ಜಗಲಿಯ ದಪ್ಪ ಕಂಬಗಳು, ಅಡುಗೆಮನೆ, ಬಾಣಂತಿ ಕೋಣೆ. ಜೊತೆಗೆ ವಯಸ್ಸಾದವರಿದ್ದರೆ ಅವರನ್ನೇ ಮುಂದೆ ಬಿಡಿ, ಅವರಿಗಿಂತ ಒಳ್ಳೆಯ ಗೈಡ್ ಸಿಗುವುದಿಲ್ಲ. ನಮ್ಮಜ್ಜಿ ಕಡೆಗೋಲಿನ ಮುಂದೆ ನಿಂತು ಹಗ್ಗ ಹೇಗೆ ಸುತ್ತಬೇಕು, ಎಷ್ಟು ಎಳೆಯಬೇಕು ಅಂತ ಗಾಳಿಯಲ್ಲೇ ಕೈಯಾಡಿಸಿ ತೋರಿಸಿದರು. ಕೊನೆಗೆ, "ನಮ್ಮನೇಲೂ ಇತ್ತಲ್ಲ, ನಿಮ್ಮಪ್ಪ ಬಚ್ಚಲೊಲೆಗೆ ಹಾಕ್ದ" ಅಂದರು. ಅಪ್ಪ ಸುಮ್ನೆ ಉಪ್ಪರಿಗೆ ಹತ್ತಿದರು.

ಹೂದೋಟ ಹುಡುಕಬೇಡಿ. ಅಂಗಳದ ಹುಲ್ಲುಹಾಸು ದಾಟಿದರೆ ಇಲ್ಲಿ ಕಾಡೇ ತೋಟ. ನಾಲ್ಕೂವರೆಗೆ ಹೊರಗೆ ಬಂದು ಗುಡ್ಡದ ಮೇಲಿನ ಕವಿಶೈಲದ ಕಡೆ ಹೊರಡಿ. ಕಾರಿನಲ್ಲೂ ಹೋಗಬಹುದು, ಆದರೆ ಮಂಡಿ ನೋವಿಲ್ಲದವರು ನಡೆಯಿರಿ. ಮೇಲಿನ ಕಲ್ಲುಕಂಬ, ತೊಲೆಗಳ ವಿನ್ಯಾಸ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರದು, ನಡುವೆ ಕವಿಯ ಸಮಾಧಿ. ಪಕ್ಕದ ಹಾಸುಬಂಡೆಯಲ್ಲಿ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರು ಕೊರೆದಿರುವುದನ್ನು ಹುಡುಕಿ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ಚೆನ್ನಾಗಿ ಕಾಣುತ್ತವೆ, ಮಧ್ಯಾಹ್ನ ಬನ್ನಿ ಅಂದದ್ದು ಅದಕ್ಕೂ ಸೇರಿ. ಮೋಡವಿಲ್ಲದಿದ್ದರೆ ಸೂರ್ಯ ಮುಳುಗುವವರೆಗೂ ಕೂತಿರಿ, ಮಾತು ಬೇಡ.

ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ, ದಾರಿ ತುಂಬ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಒಂದು ಸಣ್ಣ ಬಟ್ಟೆಗಂಟಿನಲ್ಲಿ ಉಪ್ಪು ಇಟ್ಟುಕೊಂಡು ಹೋಗಿ. ನಾನು ಮರೆತಿದ್ದೆ. ತೀರ್ಥಹಳ್ಳಿಗೆ ಬಂದು ಸಾಕ್ಸ್ ಬಿಚ್ಚಿದಾಗ ಮೂರು ಸಿಕ್ಕವು.