ಯಾತ್ರೆಯ ದಾರಿಯ ಹೋಟೆಲಿನಲ್ಲಿ ಟಿಪ್ಸ್ ಕೊಡುವ ಬಗ್ಗೆ

ಸಿಗಂದೂರು, ಶೃಂಗೇರಿ, ಹೊರನಾಡಿಗೆ ಗುಂಪಾಗಿ ಹೊರಡುವ ಸದಸ್ಯರು ದಯವಿಟ್ಟು ಇದನ್ನು ಗಮನಿಸಬೇಕು. ಸಾಗರದ ಹೋಟೆಲೊಂದರಲ್ಲಿ ನಾನು ಕಂಡಂತೆ, ಮಾಲೆ ಧರಿಸಿದ್ದ ಹದಿನೈದು ಮಂದಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕದ ಸಾಂಬಾರನ್ನು ಬೇರೆಯಾಗಿ ಮಾಡಿಸಿ, ಬಾಳೆಯೆಲೆ ತೊಳೆದು ಹಾಸಿ, ಮೂರು ಮೂರು ಬಾರಿ ಅನ್ನ ಬಡಿಸಿದ ಹುಡುಗನಿಗೆ ಕೊನೆಗೆ ಸಿಕ್ಕಿದ್ದು ಸೋಂಪಿನ ತಟ್ಟೆಯಲ್ಲಿಟ್ಟ ಒಂದು ಕುಂಕುಮದ ಪೊಟ್ಟಣ ಮಾತ್ರ. ಪ್ರಸಾದ ಕೊಡುವುದು ಒಳ್ಳೆಯದೇ, ಆದರೆ ಅದು ಟಿಪ್ಸಿಗೆ ಬದಲಿಯಾಗಲಾರದು; ಆ ಹುಡುಗನ ಮುಖ ನನಗಿನ್ನೂ ಮರೆತಿಲ್ಲ. ಹುಂಡಿಗೆಂದು ಚಿಲ್ಲರೆ ತೆಗೆದಿಡುವಾಗಲೇ ತಲೆಗೆ ಹತ್ತು ರೂಪಾಯಿಯಂತೆ ಬೇರೆ ಲಕೋಟೆಯಲ್ಲಿಟ್ಟುಕೊಂಡು, ಬಡಿಸಿದವರ ಕೈಗೇ ಕೊಡಿ. ಎಲೆ ಎತ್ತುವವರನ್ನೂ ಮರೆಯಬೇಡಿ.

ದೇವಸ್ಥಾನದ ಪಂಕ್ತಿಯಲ್ಲಿ ಬಡಿಸುವವರಿಗೆ ಮಾತ್ರ ಹಣ ಚಾಚಬಾರದು. ಅಲ್ಲಿ ಕೊಡಬೇಕೆನಿಸಿದರೆ ಅನ್ನದಾನದ ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆಯಿರಿ.

ಹೋಟೆಲಿನ ಬಿಲ್ಲಿಗೆ ಸೇವಾ ಶುಲ್ಕವನ್ನು ಗ್ರಾಹಕರನ್ನು ಕೇಳದೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಜಿಎಸ್‌ಟಿ ಬೇರೆ, ಅದನ್ನು ಕಟ್ಟಲೇಬೇಕು. ಸೇವಾ ಶುಲ್ಕ ಕಂಡರೆ ತೆಗೆಸಿ, ಆ ಮೊತ್ತವನ್ನು ಬಡಿಸಿದವರಿಗೆ ನೇರವಾಗಿ ಕೊಡಿ. ಹೋಟೆಲಿನವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.